ಬೇಗ ಒಳಹೋಗುವ ಅಣು ಬೇಡ: ಹೃದಯದ ನರಗಳಿಗೆ ಟ್ರೇಸರ್ ಮಾಡಿದ ಆರು ವರ್ಷ

ಕಳೆದ ತಿಂಗಳು ನಮ್ಮ ಟ್ರೇಸರ್, ಅಂದರೆ ಮೈಯಲ್ಲಿ ಎಲ್ಲಿ ಸೇರಿತೆಂದು ಸ್ಕ್ಯಾನಿನಲ್ಲಿ ಕಾಣುವ ವಿಕಿರಣಶೀಲ ಅಣು, ಮೊದಲ ಬಾರಿಗೆ ಮನುಷ್ಯರೊಬ್ಬರ ಮೈಗೆ ಹೋಯಿತು. ಈ ಕೆಲಸಕ್ಕೆ ಕೈಹಾಕಿದ ದಿನದಿಂದ ಎಣಿಸಿದರೆ ಆರು ವರ್ಷ ಎರಡು ತಿಂಗಳು. ಅದರಲ್ಲಿ ರಸಾಯನಶಾಸ್ತ್ರಕ್ಕೆ ಹೋದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕಾಯುವುದರಲ್ಲಿ, ದಾಖಲೆ ಬರೆಯುವುದರಲ್ಲಿ, ಮತ್ತು ಒಂದು ತಪ್ಪು ಅಣುವನ್ನು ಬಿಡಲಾರದೆ ಹಿಡಿದುಕೊಂಡಿದ್ದರಲ್ಲಿ ಕಳೆಯಿತು. ಈಗ ಇದೇ ದಾರಿಗೆ ಹೊರಟಿರುವ ಕಿರಿಯರು ನನ್ನನ್ನು ಕೇಳುವ ಪ್ರಶ್ನೆಗಳೆಲ್ಲ ನಾನೂ ಕೇಳಿ ಉತ್ತರ ಸಿಗದೆ ಒದ್ದಾಡಿದವೇ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಹೃದಯದ ಸ್ನಾಯುವಿನ ತುಂಬ ಸಿಂಪಥೆಟಿಕ್ ನರಗಳ ಎಳೆಗಳು ಹರಡಿಕೊಂಡಿವೆ. ಓಡುವಾಗ, ಹೆದರಿದಾಗ ಎದೆಬಡಿತ ಏರುವುದು ಇವುಗಳಿಂದ. ನರದ ತುದಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು, ಕೆಲಸ ಮುಗಿದ ಮೇಲೆ ಅದರ ಬಹುಪಾಲನ್ನು ತಾನೇ ವಾಪಸ್ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಪ್ರೋಟೀನಿಗೆ ನಾವು ನೆಟ್ ಎನ್ನುತ್ತೇವೆ: ನಾರ್‌ಎಪಿನೆಫ್ರಿನ್ ಟ್ರಾನ್ಸ್‌ಪೋರ್ಟರ್. ಒಳಗೆ ಬಂದದ್ದನ್ನು ಇನ್ನೊಂದು ಪ್ರೋಟೀನು, ವಿಮ್ಯಾಟ್-2, ಸಣ್ಣ ಸಣ್ಣ ಚೀಲಗಳಿಗೆ ತುಂಬಿಡುತ್ತದೆ. ನಾರ್‌ಎಪಿನೆಫ್ರಿನ್ನನ್ನು ಹೋಲುವ ಒಂದು ಅಣುವಿಗೆ ವಿಕಿರಣಶೀಲ ಪರಮಾಣುವೊಂದನ್ನು ಸೇರಿಸಿ ರಕ್ತಕ್ಕೆ ಬಿಟ್ಟರೆ, ನರ ಅದನ್ನೂ ತನ್ನದೆಂದೇ ತಿಳಿದು ಎಳೆದುಕೊಳ್ಳುತ್ತದೆ. ನರ ಜೀವಂತವಿರುವ ಕಡೆ ಚಿತ್ರ ಬೆಳಗುತ್ತದೆ, ಸತ್ತಿರುವ ಕಡೆ ಕತ್ತಲೆ.

ಇದು ಯಾಕೆ ಬೇಕು? ಹೃದಯಾಘಾತವಾದಾಗ ನರಗಳು ಸ್ನಾಯುವಿಗಿಂತ ಬೇಗ ಸಾಯುತ್ತವೆ. ಸ್ನಾಯು ಬದುಕಿದೆ, ರಕ್ತ ಹರಿಯುತ್ತಿದೆ, ಆದರೆ ನರವಿಲ್ಲ ಎಂಬ ಜಾಗಗಳು ಉಳಿದುಕೊಳ್ಳುತ್ತವೆ. ಅಪಾಯಕಾರಿ ಲಯತಪ್ಪುಗಳು ಅಂಥ ಜಾಗಗಳಿಂದ ಹುಟ್ಟಬಹುದು. 2010ರಲ್ಲಿ ಪ್ರಕಟವಾದ ಅಡ್ಮೈರ್-ಎಚ್‌ಎಫ್ ಅಧ್ಯಯನದಲ್ಲಿ 961 ಹೃದಯವೈಫಲ್ಯದ ರೋಗಿಗಳಿಗೆ ಅಯೋಡಿನ್-123 ಹಚ್ಚಿದ ಎಂಐಬಿಜಿ ಎಂಬ ಟ್ರೇಸರ್ ಕೊಟ್ಟು ನೋಡಿದರು. ಹೃದಯದ ಎಣಿಕೆಯನ್ನು ಎದೆಯ ನಡುಭಾಗದ ಎಣಿಕೆಯಿಂದ ಭಾಗಿಸಿದಾಗ 1.60ಕ್ಕಿಂತ ಕಡಿಮೆ ಬಂದವರಲ್ಲಿ ಎರಡು ವರ್ಷದೊಳಗೆ ಗಂಭೀರ ಹೃದಯ ತೊಂದರೆಯಾದದ್ದು 37 ಶೇಕಡ ಮಂದಿಗೆ. ಅದಕ್ಕಿಂತ ಹೆಚ್ಚು ಬಂದವರಲ್ಲಿ 15 ಶೇಕಡ. ಲಯ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರವನ್ನು ಎದೆಗೆ ಕೂರಿಸಬೇಕಾದವರು ಯಾರು, ಬೇಡದವರು ಯಾರು ಎಂದು ಇಂದಿಗೂ ವೈದ್ಯರು ಮುಖ್ಯವಾಗಿ ಹೃದಯ ಎಷ್ಟು ರಕ್ತ ಒತ್ತುತ್ತದೆ ಎಂಬ ಅಳತೆಯ ಮೇಲೆ ನಿರ್ಧರಿಸುತ್ತಾರೆ. ಆ ಅಳತೆ ಒಂದೇ ಇರುವ ಇಬ್ಬರ ನರಗಳ ಸ್ಥಿತಿ ಪೂರ್ತಿ ಬೇರೆ ಇರಬಹುದು. ಈ ಸಂಗತಿಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಎಂಐಬಿಜಿ ಹಳೆಯ ಅಣು. 1980ರ ಸುಮಾರಿಗೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ವೀಲಂಡ್ ಮತ್ತು ಸಂಗಡಿಗರು ಅಡ್ರಿನಲ್ ಗ್ರಂಥಿಗಾಗಿ ಅದನ್ನು ರೂಪಿಸಿದರು, ಹೃದಯಕ್ಕೂ ಆದೀತು ಎಂದು ಅವರೇ ತೋರಿಸಿದರು. ಅದರ ಚಿತ್ರ ಮಸುಕು. ಇಡೀ ಹೃದಯಕ್ಕೆ ಒಂದು ಸಂಖ್ಯೆ ಸಿಗುತ್ತದೆ, ಆದರೆ ಗೋಡೆಯ ಯಾವ ಭಾಗದಲ್ಲಿ ಎಷ್ಟು ನರ ಉಳಿದಿದೆ ಎಂದು ಅಳೆಯುವುದು ಕಷ್ಟ. ಅದಕ್ಕೆ ಪೆಟ್ ಸ್ಕ್ಯಾನ್ ಬೇಕು. ಪೆಟ್‌ಗೆ ಪಾಸಿಟ್ರಾನ್ ಎಂಬ ಕಣ ಸೂಸುವ ಪರಮಾಣು ಬೇಕು, ಉದಾಹರಣೆಗೆ ಕಾರ್ಬನ್-11 ಅಥವಾ ಫ್ಲೋರಿನ್-18.

ನಮ್ಮ ಮುಖ್ಯಸ್ಥೆ ಮೊದಲ ದಿನವೇ ಹೇಳಿದ ಮಾತು: "ಹೊಸದು ಮಾಡೋಕೆ ಮುಂಚೆ ಹಳೇದನ್ನ ಸರಿಯಾಗಿ ಮಾಡಿ ತೋರಿಸಮ್ಮ." ಹಳೆಯದು ಅಂದರೆ ಕಾರ್ಬನ್-11 ಹೈಡ್ರಾಕ್ಸಿಎಫಿಡ್ರಿನ್. ನಾವೆಲ್ಲ ಕರೆಯುವುದು ಎಚ್‌ಇಡಿ ಎಂದು. ಇದೂ ಮಿಶಿಗನ್‌ನದೇ, 1990ರಲ್ಲಿ ಪ್ರಕಟವಾದದ್ದು. ಮೆಟಾರಾಮಿನಾಲ್ ಎಂಬ ಔಷಧಕ್ಕೆ ಒಂದು ವಿಕಿರಣಶೀಲ ಮಿಥೈಲ್ ಗುಂಪನ್ನು ಜೋಡಿಸಿದರೆ ಆಯಿತು. ಕಾಗದದ ಮೇಲೆ ಒಂದೇ ಹೆಜ್ಜೆ.

ಕಾರ್ಬನ್-11ರ ಅರ್ಧಾಯು 20.4 ನಿಮಿಷ. ಕಣಗಳಿಗೆ ವೇಗ ಕೊಡುವ ಯಂತ್ರವಾದ ಸೈಕ್ಲೋಟ್ರಾನ್‌ನಲ್ಲಿ ನೈಟ್ರೋಜನ್ ಅನಿಲಕ್ಕೆ ಪ್ರೋಟಾನ್ ಹೊಡೆದು ಅದನ್ನು ತೆಗೆಯುವ ಹೊತ್ತಿಗೇ ಗಡಿಯಾರ ಓಡತೊಡಗಿರುತ್ತದೆ. ಇಪ್ಪತ್ತು ನಿಮಿಷಕ್ಕೆ ಅರ್ಧ, ನಲವತ್ತಕ್ಕೆ ಕಾಲು, ಒಂದು ತಾಸಿಗೆ ಎಂಟರಲ್ಲೊಂದು ಪಾಲು. ವಿಕಿರಣ ವಸ್ತುವಿನ ಕೆಲಸ ನಡೆಯುವ ಪೆಟ್ಟಿಗೆಯಾದ ಹಾಟ್ ಸೆಲ್‌ನ ಸೀಸದ ಗೋಡೆಯಾಚೆ ಒಂದು ಕೊಳವೆ ಕಟ್ಟಿಕೊಂಡರೆ ಹೋಗಿ ಕೈಯಿಂದ ಸರಿಮಾಡುವ ಹಾಗಿಲ್ಲ. ವಿಕಿರಣ ಇಳಿಯುವವರೆಗೆ ಸುಮ್ಮನೆ ನಿಂತು ನೋಡಬೇಕು. ಮೊದಲ ಎಂಟು ಪ್ರಯತ್ನಗಳಲ್ಲಿ ಒಂದೂ ಶೀಶೆಯವರೆಗೆ ಬರಲಿಲ್ಲ. ಕಾರಣ ಹುಡುಕಲು ಒಂದೂವರೆ ತಿಂಗಳು ಹಿಡಿಯಿತು. ಮೆಟಾರಾಮಿನಾಲ್ ಕೊಂಡರೆ ಅದು ಬೈಟಾರ್ಟ್ರೇಟ್ ಲವಣವಾಗಿ ಬರುತ್ತದೆ, ಅದನ್ನು ಮುಕ್ತ ಪ್ರತ್ಯಾಮ್ಲವಾಗಿ ಬಿಡಿಸಿಕೊಳ್ಳದೆ ಮಿಥೈಲ್ ಗುಂಪು ಅಂಟುವುದಿಲ್ಲ. ನಾವು ಬಿಡಿಸಿದ್ದೆವು, ಆದರೆ ಅರೆಬರೆ. ಈ ಕೆಲಸ ಶುರುಮಾಡುವವರು ಮೊದಲ ತಿಂಗಳು ಸೈಕ್ಲೋಟ್ರಾನ್ ಕಡೆ ಹೋಗದೆ ಪೂರ್ವವಸ್ತುವಿನ, ಅಂದರೆ ವಿಕಿರಣಶೀಲ ಪರಮಾಣು ಹಚ್ಚುವ ಮೊದಲಿನ ವಸ್ತುವಿನ, ಶುದ್ಧತೆಯನ್ನೇ ನೋಡಿಕೊಳ್ಳಿ. ಸೈಕ್ಲೋಟ್ರಾನ್ ಓಡಿಸುವ ತಾಸುಗಳನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಅಲ್ಲಿ ಕಳೆದ ಒಂದು ಬೆಳಗು ಮತ್ತೆ ಸಿಗಲು ಹತ್ತು ಹನ್ನೆರಡು ದಿನ ಬೇಕಾಗುತ್ತದೆ.

ಎಚ್‌ಇಡಿ ಕೈಗೆ ಹತ್ತಿದ ಮೇಲೆ ನಮಗೆ ಧೈರ್ಯ ಬಂತು. ಕಾರ್ಬನ್-11 ಇಟ್ಟುಕೊಂಡರೆ ಸೈಕ್ಲೋಟ್ರಾನ್ ಇರುವ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಈ ಸ್ಕ್ಯಾನ್ ಆಗದು. ಫ್ಲೋರಿನ್-18ರ ಅರ್ಧಾಯು 110 ನಿಮಿಷದಷ್ಟು. ಒಂದು ಕಡೆ ಮಾಡಿ ಇನ್ನೊಂದು ಊರಿಗೆ ಕಳಿಸಬಹುದು. ಹಾಗಾಗಿ ಎಫಿಡ್ರಿನ್ನನ್ನು ಹೋಲುವ, ಫ್ಲೋರಿನ್-18 ಇರುವ ನಮ್ಮದೇ ಅಣುವೊಂದನ್ನು ಕಟ್ಟಲು ಹೊರಟೆವು. ಹದಿನಾಲ್ಕು ತಿಂಗಳ ನಂತರ ಮೊಲದ ಹೃದಯದ ಚಿತ್ರ ಬಂತು. ಆ ಚಿತ್ರ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಚುಚ್ಚಿದ ಎರಡು ಮೂರು ನಿಮಿಷಕ್ಕೆ ಹೃದಯದ ಗೋಡೆ ಉಂಗುರದ ಹಾಗೆ ಬೆಳಗಿತು. ಸುತ್ತಲಿನ ರಕ್ತ, ಶ್ವಾಸಕೋಶ ಎಲ್ಲ ಕಪ್ಪು. ಪ್ರಯೋಗಾಲಯದಲ್ಲಿ ಎಲ್ಲರೂ ಬಂದು ಪರದೆಯ ಮುಂದೆ ನಿಂತರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ, ಅಷ್ಟು ಸಂತೋಷ.

ಮರುವಾರ ನಮ್ಮ ಗುಂಪಿನ ಭೌತಶಾಸ್ತ್ರಜ್ಞರು, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು, ಅದೇ ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಕೇಳಿದರು: "ಚಿತ್ರ ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನರ ತೋರಿಸ್ತಿದೆಯೋ, ರಕ್ತದ ಓಟ ತೋರಿಸ್ತಿದೆಯೋ?"

"ನೆಟ್ ತಡೆದ್ರೆ ಚಿತ್ರ ಮಾಯವಾಗುತ್ತೆ ಸರ್. ನರವೇ ಎಳ್ಕೊಳ್ತಿದೆ."

"ಪೂರ್ತಿ ತಡೆದ್ರೆ ಸರಿ. ಅರ್ಧ ನರ ಸತ್ತಿದ್ರೆ ಎಷ್ಟು ಇಳಿಯುತ್ತೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಸೀಮೆಸುಣ್ಣ ತೆಗೆದುಕೊಂಡು ಲೆಕ್ಕ ಮಾಡಿದರು. ಅದನ್ನು ಇಲ್ಲಿ ಹಾಗೇ ಕೊಡುತ್ತೇನೆ, ಯಾಕೆಂದರೆ ಈ ಬರಹದಲ್ಲಿ ಬೇರೇನೂ ನೆನಪುಳಿಯದಿದ್ದರೂ ಇದೊಂದು ಉಳಿಯಬೇಕು.

ರಕ್ತದಿಂದ ಅಂಗಾಂಶಕ್ಕೆ ಬಂದ ಅಣುವಿಗೆ ಎರಡು ದಾರಿ: ವಾಪಸ್ ರಕ್ತಕ್ಕೆ ಹೋಗುವುದು, ಇಲ್ಲವೇ ನರದೊಳಗೆ ಹೋಗುವುದು. ವಾಪಸ್ ಹೋಗುವ ವೇಗ 1 ಎಂದುಕೊಳ್ಳಿ. ನಮ್ಮ ಅಣು ನರದೊಳಗೆ ನುಗ್ಗುವ ವೇಗ 10 ಎಂದುಕೊಳ್ಳಿ. ಹನ್ನೊಂದರಲ್ಲಿ ಹತ್ತು ಪಾಲು ನರಕ್ಕೆ, ಅಂದರೆ 91 ಶೇಕಡ. ಈಗ ಅರ್ಧ ನರ ಸತ್ತಿತು. ನುಗ್ಗುವ ವೇಗ 5 ಆಯಿತು. ಆರರಲ್ಲಿ ಐದು, 83 ಶೇಕಡ. ಅರ್ಧ ನರ ಹೋದರೂ ಚಿತ್ರದ ಹೊಳಪು ಇಳಿದದ್ದು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಮುಕ್ಕಾಲು ನರ ಹೋಗಲಿ, ವೇಗ 2.5. ಆಗ 71 ಶೇಕಡ. ನೋಡುವ ವೈದ್ಯರಿಗೆ ಹೃದಯ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣುತ್ತದೆ.

ಈಗ ಒಳಹೋಗುವ ವೇಗ 0.1 ಇರುವ ನಿಧಾನದ ಅಣು ತೆಗೆದುಕೊಳ್ಳಿ. ಮೊದಲಿಗೆ 9.1 ಶೇಕಡ ಮಾತ್ರ ನರಕ್ಕೆ. ಚಿತ್ರ ಅಷ್ಟು ಬೇಗ ಬೆಳಗದು. ಆದರೆ ಅರ್ಧ ನರ ಸತ್ತರೆ 4.8 ಶೇಕಡ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇದನ್ನು ನನಗೆ ನಾನೇ ಹೀಗೆ ಹೇಳಿಕೊಂಡೆ: ಸಭಾಂಗಣಕ್ಕೆ ಹತ್ತು ಬಾಗಿಲು, ಆದರೆ ಜನ ಬರುವುದು ಒಂದೇ ಇಕ್ಕಟ್ಟಾದ ಓಣಿಯಲ್ಲಿ. ಐದು ಬಾಗಿಲು ಮುಚ್ಚಿದರೂ ಒಳಗೆ ಸೇರುವ ಜನ ಕಡಿಮೆಯಾಗುವುದಿಲ್ಲ. ಒಳಗಿನ ತಲೆ ಎಣಿಸಿ ಬಾಗಿಲು ಎಷ್ಟೆಂದು ಹೇಳಲಾಗದು, ಎಣಿಸಿದ್ದು ಓಣಿಯ ಅಗಲವನ್ನು. ನಮ್ಮ ಸುಂದರ ಚಿತ್ರ ಎಣಿಸುತ್ತಿದ್ದದ್ದು ರಕ್ತದ ಹರಿವನ್ನು.

ಈ ತೊಡಕು ಹೊಸದೇನಾಗಿರಲಿಲ್ಲ. ಮಿಶಿಗನ್‌ನಲ್ಲೇ ಡೇವಿಡ್ ರಫೆಲ್ ಮತ್ತು ತಂಡದವರು ಎಚ್‌ಇಡಿಯ ಬಗ್ಗೆ ಇದನ್ನೇ ವಿವರವಾಗಿ ಬರೆದಿದ್ದರು, ಪರಿಹಾರವಾಗಿ ಫೆನೆಥೈಲ್‌ಗ್ವಾನಿಡಿನ್ ಎಂಬ ಬಗೆಯ ಅಣುಗಳನ್ನು ಮುಂದಿಟ್ಟಿದ್ದರು. ನಾನು ಆ ಲೇಖನಗಳನ್ನು ಓದಿದ್ದೆ. ಓದಿ, ತಯಾರಿಕೆಯ ವಿಧಾನವನ್ನು ಮಾತ್ರ ಗುರುತುಹಾಕಿಕೊಂಡು, ಅಣು ಒಳಹೊರಗೆ ಹೋಗುವ ವೇಗದ ಲೆಕ್ಕವಿದ್ದ ಪುಟಗಳನ್ನು ದಾಟಿ ಹೋಗಿದ್ದೆ. ಅಲ್ಲದೆ ಆ ದಿನದ ನಂತರವೂ ನಾನು ಏಳು ತಿಂಗಳು ಹಳೆಯ ಅಣುವನ್ನು ಬಿಡಲಿಲ್ಲ. ಬೇರೆ ಗಣಿತದ ಮಾದರಿ ಹಾಕಿ ನೋಡೋಣ, ಮೊದಲ ನಿಮಿಷದ ದತ್ತಾಂಶ ಮಾತ್ರ ತೆಗೆದುಕೊಳ್ಳೋಣ ಎಂದು ಸುತ್ತುತ್ತಿದ್ದೆ. ಆ ಏಳು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತವೆ. ನೀವು ಅಣುವಿನ ರಚನೆ ಬರೆಯುವ ಮೊದಲೇ ಗಣಿತ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವೇಗದ ಸಂಖ್ಯೆ ಇಷ್ಟಿದ್ದರೆ ಅರ್ಧ ನರ ಹೋದಾಗ ಎಷ್ಟು ಇಳಿಯುತ್ತದೆ ಎಂದು ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಬಹುದು.

ಹೊಸ ಅಣುವಿಗೆ ಎರಡು ಗುಣ ಬೇಕಿತ್ತು. ನರದೊಳಗೆ ನಿಧಾನ ಹೋಗಬೇಕು, ಒಮ್ಮೆ ಹೋದದ್ದು ಹೊರಬರಬಾರದು. ಎಚ್‌ಇಡಿ ಒಳಗೆ ಹೋದರೂ ಸೋರುತ್ತಿರುತ್ತದೆ, ನೆಟ್ ಅದನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಗ್ವಾನಿಡಿನ್ ಗುಂಪು ಇರುವ ಅಣುಗಳು ಚೀಲದೊಳಗೆ ಗಟ್ಟಿಯಾಗಿ ಕೂರುತ್ತವೆ, ನರದೊಳಗಿನ ಮಾವೊ ಕಿಣ್ವ ಅವನ್ನು ಮುರಿಯುವುದೂ ಇಲ್ಲ. ಆ ಬಗೆಯ ಅಣುವನ್ನೇ ಆರಿಸಿಕೊಂಡೆವು.

ಆದರೆ ಅದರ ಬೆಂಜೀನ್ ಉಂಗುರಕ್ಕೆ ಫ್ಲೋರಿನ್-18 ಹಚ್ಚುವುದು ಸುಲಭವಲ್ಲ. ಸೈಕ್ಲೋಟ್ರಾನ್‌ನಿಂದ, ಆಮ್ಲಜನಕ-18 ತುಂಬಿದ ನೀರಿಗೆ ಪ್ರೋಟಾನ್ ಹೊಡೆದು ಬರುವ ಫ್ಲೋರೈಡ್ ಋಣ ವಿದ್ಯುದಂಶದ್ದು. ಫೀನಾಲ್ ಇರುವ ಉಂಗುರದಲ್ಲಿ ಎಲೆಕ್ಟ್ರಾನ್ ಮೊದಲೇ ತುಂಬಿಕೊಂಡಿರುತ್ತದೆ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಡೈಆರೈಲ್‌ಅಯೊಡೋನಿಯಂ ಲವಣವನ್ನು ಪೂರ್ವವಸ್ತುವಾಗಿ ಬಳಸಿದರೆ ಆಗುತ್ತದೆ. ಫೀನಾಲ್ ಮತ್ತು ಗ್ವಾನಿಡಿನ್ ಗುಂಪುಗಳಿಗೆ ರಕ್ಷಣೆ ತೊಡಿಸಿ, ಫ್ಲೋರಿನ್ ಹಚ್ಚಿ, ಕೊನೆಗೆ ಬಲವಾದ ಆಮ್ಲದಲ್ಲಿ ಕಾಯಿಸಿ ರಕ್ಷಣೆ ಕಳಚಬೇಕು.

ಇಲ್ಲಿ ನಮ್ಮನ್ನು ಕಾಡಿದ್ದು ಮೂರು. ಒಂದು ತೇವ. ಫ್ಲೋರೈಡ್ ಒಣಗದಿದ್ದರೆ ಕ್ರಿಯೆಯೇ ನಡೆಯದು. ಹೊರಗೆ ಮಳೆ ಹಿಡಿದ ದಿನಗಳಲ್ಲಿ ಇಳುವರಿ ಕುಸಿಯುತ್ತಿತ್ತು. ದ್ರಾವಕದ ಶೀಶೆಯನ್ನು ಬೆಳಗ್ಗೆಯೇ ತೆರೆದಿಡುವ ಅಭ್ಯಾಸ ಬಿಟ್ಟ ಮೇಲೆ ಅದು ನಿಂತಿತು. ಇನ್ನೊಂದು, ಹೈಡ್ರೋಬ್ರೋಮಿಕ್ ಆಮ್ಲ. ಅದರ ಆವಿ ಸ್ವಯಂಚಾಲಿತ ಯಂತ್ರದ ಕವಾಟಗಳನ್ನು ತಿಂದುಹಾಕಿತು. ಬಿಡಿಭಾಗ ಬರುವವರೆಗೆ ಹನ್ನೊಂದು ವಾರ ಯಂತ್ರ ನಿಂತಿತ್ತು. ಆಮ್ಲ ಹಾಯುವ ದಾರಿಯ ಕವಾಟಗಳನ್ನು ಎರಡು ಜೊತೆ ಮೊದಲೇ ತರಿಸಿಟ್ಟುಕೊಳ್ಳಿ.

ಮೂರನೆಯದು ತಡವಾಗಿ ಗೊತ್ತಾಯಿತು. ಪ್ರಯೋಗದ ಹಂತದಲ್ಲಿ ಸ್ವಲ್ಪವೇ ವಿಕಿರಣ ಹಾಕಿ ಮಾಡುತ್ತಿದ್ದಾಗ ಶುದ್ಧತೆ ಚೆನ್ನಾಗಿತ್ತು. ರೋಗಿಗೆ ಬೇಕಾದಷ್ಟು ಪ್ರಮಾಣದಲ್ಲಿ ಮಾಡಿದ ದಿನ, ಬೆಳಗ್ಗೆ ಪಾಸಾದ ಶೀಶೆ ಮಧ್ಯಾಹ್ನ ಫೇಲಾಯಿತು. ವಿಕಿರಣ ತನ್ನ ಸುತ್ತಲಿನ ನೀರನ್ನು ಒಡೆದು, ಅದರಿಂದ ಹುಟ್ಟಿದ ತುಣುಕುಗಳು ನಮ್ಮ ಅಣುವನ್ನೇ ಒಡೆಯುತ್ತಿದ್ದವು. ಇದಕ್ಕೆ ರೇಡಿಯಾಲಿಸಿಸ್ ಎಂದು ಹೆಸರು. ಸ್ವಲ್ಪ ಎಥನಾಲ್, ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಸೇರಿಸಿದ ಮೇಲೆ ಸರಿಹೋಯಿತು. ಆದರೆ ಸೂತ್ರ ಬದಲಾಯಿತೆಂದು ಸ್ಥಿರತೆಯ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು. ಪೂರ್ಣ ಪ್ರಮಾಣದ ತಯಾರಿಕೆಯನ್ನು ಆದಷ್ಟು ಬೇಗ ಒಮ್ಮೆ ಮಾಡಿ ನೋಡಿಬಿಡಿ.

ಪ್ರಾಣಿಗಳ ಹಂತದಲ್ಲಿ ಒಂದು ದೊಡ್ಡ ಆಘಾತ ಕಾದಿತ್ತು. ಇಲಿಗಳಿಗೆ ನೆಟ್ ತಡೆಯುವ ಡೆಸಿಪ್ರಮಿನ್ ಕೊಟ್ಟು ನಮ್ಮ ಟ್ರೇಸರ್ ಚುಚ್ಚಿದೆವು. ಹೃದಯ ಕಪ್ಪಾಗಬೇಕಿತ್ತು. ಆಗಲಿಲ್ಲ. ಹೊಳಪು ಸ್ವಲ್ಪ ಇಳಿಯಿತು, ಅಷ್ಟೆ. ಮೂರು ಸಲ ಮಾಡಿದರೂ ಅದೇ. ನಾಲ್ಕು ವರ್ಷದ ಕೆಲಸ ನೀರಿಗೆ ಹೋಯಿತು ಎಂದುಕೊಂಡು ನಾನು ಮುಖ್ಯಸ್ಥೆಯ ಕೋಣೆಯಲ್ಲಿ ಅತ್ತುಬಿಟ್ಟೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, "ಇಲಿಯ ಹೃದಯಸ್ನಾಯು ತಾನೇ ಎಳ್ಕೊಳ್ಳೋದನ್ನ ಓದಿದ್ದೀಯಾ?" ಎಂದರು.

ನರದ ಹೊರಗೆ, ಸ್ನಾಯುಕೋಶದಲ್ಲೇ ಇಂಥ ಅಣುಗಳನ್ನು ಎಳೆದುಕೊಳ್ಳುವ ಇನ್ನೊಂದು ವ್ಯವಸ್ಥೆ ಇದೆ. ಅಪ್‌ಟೇಕ್-2 ಎನ್ನುತ್ತಾರೆ. ಇಲಿಯ ಹೃದಯದಲ್ಲಿ ಅದು ಬಹಳ ಬಲವಾಗಿದೆ. ಮೊಲದಲ್ಲಿ ನೆಟ್‌ನದೇ ಮೇಲುಗೈ, ಮನುಷ್ಯರ ಹೃದಯಕ್ಕೆ ಈ ವಿಷಯದಲ್ಲಿ ಮೊಲ ಹೆಚ್ಚು ಹತ್ತಿರ. ಎಂಐಬಿಜಿಗೂ ಇಲಿಯಲ್ಲಿ ಇದೇ ಪಾಡು. ಮೊಲದ ಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿಯ ಹೊಸ ಒಪ್ಪಿಗೆ ಬೇಕಿತ್ತು. ಐದು ತಿಂಗಳು ಕಾದೆವು. ಮೊಲದಲ್ಲಿ ಡೆಸಿಪ್ರಮಿನ್ ಕೊಟ್ಟ ದಿನ ಹೃದಯದ ಜಾಗ ಕಪ್ಪಾಯಿತು. ಚಿತ್ರ ಕಾಣದಿದ್ದುದಕ್ಕೆ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ. ಆಮೇಲೆ ಟ್ರೇಸರ್ ಒಳಗೆ ಸೇರಿದ ನಂತರ ಡೆಸಿಪ್ರಮಿನ್ ಕೊಟ್ಟು ನೋಡಿದೆವು. ಸೋರುವ ಅಣುವಾಗಿದ್ದರೆ ಹೊಳಪು ಇಳಿಯುತ್ತಿತ್ತು, ಯಾಕೆಂದರೆ ಸೋರಿದ್ದನ್ನು ಮತ್ತೆ ಎಳೆದುಕೊಳ್ಳುವ ಬಾಗಿಲು ಈಗ ಮುಚ್ಚಿದೆ. ಅದು ಕದಲಲಿಲ್ಲ. ಪ್ರಾಣಿ ಒಪ್ಪಿಗೆಗೆ ಅರ್ಜಿ ಹಾಕುವಾಗ ಎರಡು ಜಾತಿಗಳಿಗೂ ಒಟ್ಟಿಗೇ ಹಾಕಿ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ.

ಇಲ್ಲಿಂದ ಮುಂದೆ ಕಾಗದದ ಕಾಲ. ಮನುಷ್ಯರಿಗೆ ಕೊಡುವ ಟ್ರೇಸರಿನ ದ್ರವ್ಯರಾಶಿ ಅತ್ಯಲ್ಪ. ಒಟ್ಟು 100 ಮೈಕ್ರೊಗ್ರಾಂ ಮೀರದೆ, ಔಷಧದಂತೆ ಪರಿಣಾಮ ತೋರುವ ಪ್ರಮಾಣದ ನೂರರಲ್ಲೊಂದು ಪಾಲನ್ನೂ ಮೀರದೆ ಇದ್ದರೆ ಮೈಕ್ರೊಡೋಸ್ ಎಂದು ಪರಿಗಣಿಸುತ್ತಾರೆ. ಆಗ ವಿಷತ್ವದ ಪರೀಕ್ಷೆ ಬಹಳ ಸರಳವಾಗುತ್ತದೆ. ಒಂದು ಜಾತಿಯ ಪ್ರಾಣಿಗೆ ಒಂದೇ ಸಲ ಕೊಟ್ಟು 14 ದಿನ ಗಮನಿಸುವುದು. ಸರಳ ಎಂದರೂ ನಮ್ಮ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಹೋದದ್ದು ಇದಕ್ಕೇ, ಯಾಕೆಂದರೆ ಅದನ್ನು ಮಾನ್ಯತೆ ಪಡೆದ ಹೊರಗಿನ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಅವರ ಸರತಿಯಲ್ಲಿ ನಾಲ್ಕು ತಿಂಗಳು ನಿಂತೆವು.

ಈ ಪರೀಕ್ಷೆಗೆ ವಿಕಿರಣವಿಲ್ಲದ ಅದೇ ಅಣು ಬೇಕು. ನಾವು ಅದನ್ನು ಕೋಲ್ಡ್ ಎನ್ನುತ್ತೇವೆ. ಶುರುವಿನಲ್ಲಿ ಮಾಡಿಟ್ಟಿದ್ದ ಕೋಲ್ಡ್ ವಸ್ತು ನಡುದಾರಿಯಲ್ಲಿ ತೀರಿತು. ಎರಡನೇ ಸಲ ಮಾಡಿದಾಗ ಅದರಲ್ಲಿ ಮೊದಲಿನದರಲ್ಲಿ ಇಲ್ಲದ ಕಲ್ಮಶವೊಂದು ಸಣ್ಣ ಶಿಖರವಾಗಿ, ವಸ್ತುವಿನ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ಕಾಣಿಸಿಕೊಂಡಿತು. ಅದೇನೆಂದು ಗುರುತಿಸಿ, ತೆಗೆದು, ತೆಗೆದದ್ದಕ್ಕೆ ಪುರಾವೆ ಬರೆಯಲು ಎರಡೂವರೆ ತಿಂಗಳು. ಕೋಲ್ಡ್ ವಸ್ತುವನ್ನೂ ಪೂರ್ವವಸ್ತುವನ್ನೂ ಕೊನೆಯವರೆಗೆ ಸಾಕಾಗುವಷ್ಟು ಒಂದೇ ಬ್ಯಾಚಿನಲ್ಲಿ ಮಾಡಿಟ್ಟುಕೊಳ್ಳಿ. ಕೈಯಲ್ಲಿ ಹಣ ಕಡಿಮೆ ಇದ್ದಾಗ ಸ್ವಲ್ಪ ಸ್ವಲ್ಪವೇ ಮಾಡೋಣ ಎನಿಸುವುದು ಸಹಜ, ಕೊನೆಗೆ ಅದೇ ದುಬಾರಿಯಾಗುತ್ತದೆ.

ವಿಕಿರಣ ಪ್ರಮಾಣದ ಲೆಕ್ಕ ಇನ್ನೊಂದು ಕಡತ. ಯಾವ ಅಂಗದಲ್ಲಿ ಎಷ್ಟು ಹೊತ್ತು ಎಷ್ಟು ಉಳಿಯುತ್ತದೆ ಎಂದು ಪ್ರಾಣಿಗಳಲ್ಲಿ ಅಳೆದು ಮನುಷ್ಯರಿಗೆ ಹೊಂದಿಸಬೇಕು. ನಮ್ಮದು ಮೂತ್ರದಲ್ಲಿ ಹೋಗುವ ಅಣು, ಹಾಗಾಗಿ ಮೂತ್ರಕೋಶಕ್ಕೇ ಹೆಚ್ಚು ವಿಕಿರಣ ತಟ್ಟುತ್ತದೆ. ಸ್ವಯಂಸೇವಕರು ಚೆನ್ನಾಗಿ ನೀರು ಕುಡಿದು, ಸ್ಕ್ಯಾನ್ ಮುಗಿದ ಕೂಡಲೇ ಮೂತ್ರ ಮಾಡಬೇಕು ಎಂಬ ಸಾಲನ್ನು ಒಪ್ಪಿಗೆ ಪತ್ರದಲ್ಲಿ ಸೇರಿಸಲು ನಾವು ಮರೆತಿದ್ದೆವು. ಆ ಒಂದು ಸಾಲಿಗಾಗಿ ನೈತಿಕ ಸಮಿತಿ ಕಡತವನ್ನು ವಾಪಸ್ ಕಳಿಸಿತು. ಮುಂದಿನ ಸಭೆ ಆರು ವಾರದ ನಂತರ.

ಬೇಸರವಾಗಿದ್ದು ನಿಜ. ಆದರೆ ಆ ಸಮಿತಿಯಲ್ಲಿದ್ದ ವಿಜ್ಞಾನದ ಹಿನ್ನೆಲೆಯಿಲ್ಲದ ಸದಸ್ಯರೊಬ್ಬರು ಕೇಳಿದ ಪ್ರಶ್ನೆಯೇ ನಮ್ಮ ಒಪ್ಪಿಗೆ ಪತ್ರವನ್ನು ಸುಧಾರಿಸಿತು. "ಇದರಿಂದ ಆ ವ್ಯಕ್ತಿಗೆ ಏನೂ ಉಪಯೋಗ ಇಲ್ಲ ಅಂತ ನೇರವಾಗಿ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದರು. ನಾವು ಅದನ್ನು ನಾಲ್ಕನೇ ಪುಟದಲ್ಲಿ ಸುತ್ತಿಬಳಸಿ ಬರೆದಿದ್ದೆವು. ಈಗ ಅದು ಮೊದಲ ಪುಟದ ಎರಡನೇ ಸಾಲು.

ಕೊನೆಯದಾಗಿ ಸತತ ಮೂರು ಬ್ಯಾಚು ಮಾಡಿ, ಮೂರೂ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಬೇಕು. ಬಣ್ಣ ಮತ್ತು ತಿಳಿತನ, ಪಿಎಚ್, ಅರ್ಧಾಯು, ರೇಡಿಯೋಕೆಮಿಕಲ್ ಶುದ್ಧತೆ, ಉಳಿದ ದ್ರಾವಕ, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ, ಸೋಸುಕ ಹರಿದಿಲ್ಲವೆಂದು ತೋರಿಸುವ ಬಬಲ್ ಪಾಯಿಂಟ್. ಎರಡು ಬ್ಯಾಚು ಪಾಸಾಗಿ ಮೂರನೆಯದರಲ್ಲಿ ಸೋಸುಕ ಫೇಲಾದರೆ ಮತ್ತೆ ಒಂದರಿಂದ ಶುರು. ನಮಗೆ ಹಾಗೆಯೇ ಆಯಿತು. ಇದಕ್ಕೆ ಉಪಾಯವಿಲ್ಲ, ಸೋಸುಕವನ್ನು ಬಳಸುವ ಮೊದಲು ಒದ್ದೆ ಮಾಡಿಕೊಳ್ಳಿ ಎಂಬುದೊಂದು ಬಿಟ್ಟರೆ.

ಮೊದಲ ಸ್ವಯಂಸೇವಕರ ದಿನ ನಾನು ಬೆಳಗಿನ ಜಾವ ನಾಲ್ಕಕ್ಕೆ ಪ್ರಯೋಗಾಲಯಕ್ಕೆ ಬಂದೆ. ಒಂಬತ್ತೂವರೆಗೆ ಶೀಶೆ ಸಿದ್ಧ, ಪರೀಕ್ಷೆಗಳೆಲ್ಲ ಪಾಸು. ಶುಶ್ರೂಷಕಿ ಕೊನೆಯ ಪ್ರಶ್ನೆಗಳನ್ನು ಕೇಳುತ್ತಿದ್ದರು. "ಯಾವ ಔಷಧಾನೂ ತಗೊಂಡಿಲ್ಲ ತಾನೇ?" "ಇಲ್ಲ." ಒಂದು ಕ್ಷಣ ಬಿಟ್ಟು ಸ್ವಯಂಸೇವಕರೇ ಹೇಳಿದರು: "ರಾತ್ರಿ ಮೂಗು ಕಟ್ಟಿತ್ತು, ಒಂದು ನೆಗಡಿ ಮಾತ್ರೆ ನುಂಗಿದೆ."

ಮೂಗು ಕಟ್ಟಿದ್ದನ್ನು ಬಿಡಿಸುವ ಹಲವು ಮಾತ್ರೆಗಳಲ್ಲಿ ಸ್ಯೂಡೋಎಫಿಡ್ರಿನ್ ಇರುತ್ತದೆ. ಅದು ನರದ ತುದಿಯಲ್ಲೇ ಕೆಲಸ ಮಾಡುವ ವಸ್ತು, ನಮ್ಮ ಅಳತೆಯನ್ನೇ ಕೆಡಿಸುತ್ತದೆ. ಮಾತ್ರೆಯ ಹಾಳೆಯನ್ನು ಫೋಟೋ ತೆಗೆಸಿ ತರಿಸಿಕೊಂಡು ನೋಡಿದೆವು. ಇತ್ತು. ಅವತ್ತಿನ ಶೀಶೆ ಸೀಸದ ಪೆಟ್ಟಿಗೆಯಲ್ಲೇ ಉಳಿದು ತಣ್ಣಗಾಯಿತು. ಆ ಸ್ವಯಂಸೇವಕರು ಪಾಪ ಹತ್ತು ಸಲ ಕ್ಷಮೆ ಕೇಳಿದರು, ತಪ್ಪು ನಮ್ಮದಾಗಿತ್ತು. ನಮ್ಮ ಪ್ರಶ್ನಾವಳಿಯಲ್ಲಿ ಖಿನ್ನತೆಯ ಟ್ರೈಸೈಕ್ಲಿಕ್ ಮಾತ್ರೆ, ಲಬೆಟಲಾಲ್, ರಿಸರ್ಪಿನ್ ಎಲ್ಲ ಹೆಸರು ಹಿಡಿದು ಬರೆದಿದ್ದೆವು. ನೆಗಡಿ ಮಾತ್ರೆಯನ್ನು ಜನ ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರಶ್ನೆಯನ್ನು ಹೀಗೆ ಬದಲಾಯಿಸಿದೆವು: "ಕಳೆದ ವಾರ ಬಾಯಿಗೆ, ಮೂಗಿಗೆ, ಕಣ್ಣಿಗೆ ಏನೇನು ಹಾಕಿಕೊಂಡಿರಿ?" ಆ ಪ್ರಶ್ನೆಯನ್ನು ಸ್ಕ್ಯಾನಿನ ಹಿಂದಿನ ದಿನವೇ ಫೋನಿನಲ್ಲಿ ಕೇಳುತ್ತೇವೆ, ಸೈಕ್ಲೋಟ್ರಾನ್ ಚಾಲೂ ಆಗುವ ಮೊದಲೇ.

ಹದಿನೆಂಟು ದಿನದ ನಂತರ ಇನ್ನೊಬ್ಬರು ಬಂದರು. ಚುಚ್ಚಿದ ಮೊದಲ ನಿಮಿಷ ಹೃದಯದ ಕೋಣೆಗಳಲ್ಲಿ ರಕ್ತ ಬೆಳಗಿತು. ಆಮೇಲೆ ಐದು ನಿಮಿಷ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಹಳೆಯ ಅಣುವಾಗಿದ್ದರೆ ಇಷ್ಟು ಹೊತ್ತಿಗೆ ಉಂಗುರ ಹೊಳೆಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೃದ್ರೋಗ ತಜ್ಞರು ನನ್ನ ಕಡೆ ನೋಡಿದರು. ನಾನು ಕಾಯೋಣ ಎಂದೆ. ಹತ್ತನೇ ನಿಮಿಷಕ್ಕೆ ಗೋಡೆಯ ಗೆರೆ ಮೂಡಿತು. ಇಪ್ಪತ್ತಕ್ಕೆ ದಟ್ಟವಾಯಿತು. ನಲವತ್ತಕ್ಕೂ ಅದು ಏರುತ್ತಲೇ ಇತ್ತು. ರಕ್ತದ ಮಾದರಿಗಳಲ್ಲಿ ಅಣುವಿನ ಮುರಿದ ತುಣುಕುಗಳ ಪಾಲನ್ನು ಕಳೆದು, ಪ್ಯಾಟ್ಲಾಕ್ ನಕ್ಷೆ ಬರೆದೆವು. ಒಳಗೆ ಹೋದದ್ದು ಹೊರಬರದಿದ್ದರೆ ಆ ನಕ್ಷೆಯ ಚುಕ್ಕೆಗಳು ನೇರ ಗೆರೆಯ ಮೇಲೆ ಕೂರಬೇಕು, ಗೆರೆ ಎಷ್ಟು ಕಡಿದಾಗಿ ಏರುತ್ತದೆಂಬುದೇ ನರದ ಅಳತೆ. ಚುಕ್ಕೆಗಳು ಗೆರೆಯ ಮೇಲಿದ್ದವು. ನಿವೃತ್ತರಾಗಿದ್ದ ನಮ್ಮ ಭೌತಶಾಸ್ತ್ರಜ್ಞರಿಗೆ ಆ ಗೆರೆಯನ್ನಷ್ಟೇ ಕಳಿಸಿದೆ, ಚಿತ್ರ ಕಳಿಸಲಿಲ್ಲ. "ಇದು ನರ ಕಣಮ್ಮ" ಎಂದು ಉತ್ತರ ಬಂತು.

ಒಬ್ಬರ ಒಂದು ಗೆರೆಯಿಂದ ಏನೂ ಸಾಬೀತಾಗದು. ನರ ಕಳೆದುಕೊಂಡ ಹೃದಯಗಳಲ್ಲಿ ಅದು ಲೆಕ್ಕದಂತೆ ಇಳಿಯುತ್ತದೆಯೇ ಎಂದು ನೋಡುವುದು ಮುಂದಿನ ಕೆಲಸ. ಹೃದಯ ಕಸಿ ಮಾಡಿಸಿಕೊಂಡವರು ಅದಕ್ಕೆ ನೆರವಾಗಬಲ್ಲರು. ಕಸಿಯಲ್ಲಿ ನರಗಳೆಲ್ಲ ಕತ್ತರಿಸಿಹೋಗಿ, ವರ್ಷಗಳು ಕಳೆದಂತೆ ಮುಂಭಾಗದ ಗೋಡೆಯಿಂದ ಮತ್ತೆ ಚಿಗುರತೊಡಗುತ್ತವೆ. ಎಚ್‌ಇಡಿ ಕಾಲದಿಂದ ಗೊತ್ತಿರುವ ಸಂಗತಿ ಅದು. ಆ ಅರ್ಜಿ ಈಗ ಸಮಿತಿಯ ಮುಂದಿದೆ.

ಸ್ಕ್ಯಾನ್ ಮುಗಿದರೂ ಆ ಬ್ಯಾಚಿನ ಕಡತ ಮುಗಿದಿರಲಿಲ್ಲ. ಸೂಕ್ಷ್ಮಜೀವಿಗಳ ಪರೀಕ್ಷೆಗೆ 14 ದಿನ ಬೇಕು. ಫ್ಲೋರಿನ್-18 ಅಷ್ಟು ದಿನ ಕಾಯದು, ಹಾಗಾಗಿ ನಿಯಮವೇ ಹೀಗಿದೆ: ಉಳಿದ ಪರೀಕ್ಷೆಗಳ ಮೇಲೆ ಚುಚ್ಚುಮದ್ದು ಕೊಡುವುದು, ಇದರ ಫಲಿತಾಂಶ ಆಮೇಲೆ ನೋಡುವುದು. ಆ ಎರಡು ವಾರ ನಾನು ದಿನಾ ಬೆಳಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸ್ವಯಂಸೇವಕರು ಚೆನ್ನಾಗಿದ್ದಾರೆಂದು ಫೋನಿನಲ್ಲಿ ಕೇಳಿ ತಿಳಿದಿದ್ದರೂ ನೋಡುತ್ತಿದ್ದೆ. ಹದಿನಾಲ್ಕನೇ ದಿನವೂ ದ್ರಾವಣ ತಿಳಿಯಾಗಿಯೇ ಇತ್ತು. ಕಡತದ ಕೊನೆಯ ಹಾಳೆಯಲ್ಲಿ ದಿನಾಂಕ ಬರೆದು ಸಹಿ ಹಾಕಿದೆ.